ನಿಮಗಿದು ಗೊತ್ತೇ? ಶಾಲೆಯ ದಾರಿ, ಹೊಗೆಯಿಲ್ಲದ ದಾರಿ

ಕೃಷ್ಣೆಯ ದಂಡೆಯ ಗೂಗಲ್‌ನಿಂದ ತುಂಗಭದ್ರೆಯ ಕಡೆಗಿರುವ ಮಾನ್ವಿಯವರೆಗೆ, ದೇವದುರ್ಗದ ಹಳ್ಳಿಗಳಿಂದ ರಾಯಚೂರಿನ ಬಡಾವಣೆಗಳವರೆಗೆ, ಬೆಳಗಾದರೆ ಬ್ಯಾಗು ಹೊತ್ತ ಮಕ್ಕಳು ರಸ್ತೆಗೆ ಇಳಿಯುತ್ತಾರೆ. ಕೆಲವರು ನಡೆದು, ಕೆಲವರು ಸೈಕಲ್ ತುಳಿದು, ಕೆಲವರು ಕೆಂಪು ಬಸ್ಸಿಗೆ ಕೈ ಅಡ್ಡ ಹಿಡಿದು, ಇನ್ನು ಕೆಲವರು ಅಪ್ಪನ ಬೈಕಿನ ಹಿಂದೆ ಕುಳಿತು ಶಾಲೆ ಸೇರುತ್ತಾರೆ. ದಿನವೂ ನೋಡುವ ಈ ದಾರಿಯ ಬಗ್ಗೆ ನಾವು ತಿಳಿದಿರಬೇಕಾದ ಸಂಗತಿಗಳು ಬಹಳ ಇವೆ. ಓದಿ, ಮಕ್ಕಳಿಗೂ ಓದಿ ಹೇಳಿ.

ಕಾಲ್ನಡಿಗೆ

1. ಭಾರತದಲ್ಲಿ ವಿದ್ಯಾರ್ಥಿಗಳು ಓದುವ ಜಾಗಕ್ಕೆ ಹೋಗಲು ಅತಿ ಹೆಚ್ಚು ಬಳಸುವ ಸಾಧನ ಬಸ್ಸೂ ಅಲ್ಲ, ಬೈಕೂ ಅಲ್ಲ, ಅವರ ಕಾಲುಗಳು. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ ದೇಶದ ಸುಮಾರು ಶೇ 60ರಷ್ಟು ವಿದ್ಯಾರ್ಥಿಗಳು ನಡೆದೇ ಹೋಗುತ್ತಾರೆ. ನಡೆಯುವವರಲ್ಲಿ ಹುಡುಗಿಯರ ಪಾಲು ಹುಡುಗರಿಗಿಂತ ಹೆಚ್ಚು.

2. ಶಾಲೆ ಎಷ್ಟು ದೂರದಲ್ಲಿರಬೇಕು ಎಂಬುದು ಕಾನೂನಿನಲ್ಲೇ ಇದೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಡಿ 2012ರಲ್ಲಿ ಬಂದ ಕರ್ನಾಟಕದ ನಿಯಮಗಳ ಪ್ರಕಾರ 1ರಿಂದ 5ನೇ ತರಗತಿಯ ಶಾಲೆ ಮನೆಯಿಂದ 1 ಕಿ.ಮೀ. ಒಳಗೆ, 6ರಿಂದ 8ನೇ ತರಗತಿಯ ಶಾಲೆ 3 ಕಿ.ಮೀ. ಒಳಗೆ ಇರಬೇಕು. ಮಗು ತನ್ನ ಕಾಲ ಮೇಲೆ ನಡೆದು ಶಾಲೆ ಸೇರಬೇಕು ಎಂಬುದೇ ಈ ನಿಯಮದ ಆಶಯ.

3. ಫಿನ್ಲೆಂಡ್‌ನಲ್ಲಿ ಮನೆಗೂ ಶಾಲೆಗೂ 5 ಕಿ.ಮೀ.ಗಿಂತ ಹೆಚ್ಚು ದೂರವಿದ್ದರೆ ಮಗುವಿನ ಪ್ರಯಾಣದ ಖರ್ಚು ಸರಕಾರದ್ದು. ಅದರೊಳಗಿನ ದೂರವನ್ನು ಮಕ್ಕಳು ನಡೆದು ಇಲ್ಲವೇ ಸೈಕಲ್ಲಿನಲ್ಲಿ ಕ್ರಮಿಸುವುದು ಅಲ್ಲಿ ಸಾಮಾನ್ಯ. ಹಿಮ ಬೀಳುವ ತಿಂಗಳುಗಳಲ್ಲೂ ಅಷ್ಟೇ.

4. ಮಗು ಒಂದು ಕಿ.ಮೀ. ನಡೆಯಲು ಬೇಕಾಗುವುದು ಸುಮಾರು 15 ನಿಮಿಷ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂತೆ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಾಲೆ ಒಂದೂವರೆ ಕಿ.ಮೀ. ದೂರವಿದ್ದು ಮಗು ಚುರುಕಾಗಿ ನಡೆದರೆ ಹೋಗಿಬರುವಷ್ಟರಲ್ಲಿ ಅದರ ಮುಕ್ಕಾಲು ಪಾಲು ಮುಗಿದಿರುತ್ತದೆ. ಇದಕ್ಕೆ ಫೀಸಿಲ್ಲ, ಸಲಕರಣೆಯೂ ಬೇಡ.

5. ನಡೆದು ಬಂದ ಮಗು ಪಾಠಕ್ಕೆ ಹೆಚ್ಚು ಗಮನ ಕೊಡುತ್ತದೆ. 2012ರಲ್ಲಿ ಡೆನ್ಮಾರ್ಕ್‌ನಲ್ಲಿ 5ರಿಂದ 19 ವರ್ಷದ ಸುಮಾರು 20,000 ವಿದ್ಯಾರ್ಥಿಗಳನ್ನು ಒಳಗೊಂಡ ದೊಡ್ಡ ಅಧ್ಯಯನ ನಡೆಯಿತು. ನಡೆದು ಅಥವಾ ಸೈಕಲ್ಲಿನಲ್ಲಿ ಬಂದವರ ಏಕಾಗ್ರತೆ ವಾಹನದಲ್ಲಿ ಬಂದವರಿಗಿಂತ ಚೆನ್ನಾಗಿತ್ತು. ಆ ಪರಿಣಾಮ ಸುಮಾರು ನಾಲ್ಕು ಗಂಟೆ ಉಳಿಯಿತು. ಬೆಳಿಗ್ಗೆಯ ನಡಿಗೆಯ ಫಲ ಮಧ್ಯಾಹ್ನದ ಊಟದ ಗಂಟೆಯವರೆಗೂ ಸಿಗುತ್ತದೆ ಎಂದಾಯಿತು.

6. ಬ್ಯಾಗಿನ ಭಾರಕ್ಕೂ ಮಿತಿ ಇದೆ. 2019ರ ಕರ್ನಾಟಕ ಸರಕಾರದ ಆದೇಶದಂತೆ 1–2ನೇ ತರಗತಿಯ ಮಕ್ಕಳ ಬ್ಯಾಗು 2 ಕೆ.ಜಿ. ಮೀರಬಾರದು, 3–5ಕ್ಕೆ 3 ಕೆ.ಜಿ., 6–8ಕ್ಕೆ 4 ಕೆ.ಜಿ., 9–10ಕ್ಕೆ 5 ಕೆ.ಜಿ. ಗರಿಷ್ಠ. ‘ನಮ್ಮ ಮಗು ನಡೆಯಲಾರದು’ ಎನ್ನುವ ಮೊದಲು ಒಮ್ಮೆ ಬ್ಯಾಗನ್ನು ತಕ್ಕಡಿಗೆ ಇಟ್ಟು ನೋಡಿ. ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ದಿನ, ‘ಸಂಭ್ರಮ ಶನಿವಾರ’. ನಡಿಗೆ ಶುರುಮಾಡಿಸಲು ಅದಕ್ಕಿಂತ ಒಳ್ಳೆಯ ದಿನ ಬೇರೆ ಇಲ್ಲ.

7. ಸರಕಾರಿ ಶಾಲೆಯ ಮಕ್ಕಳಿಗೆ ರಾಜ್ಯ ಸರಕಾರ ಶೂ ಮತ್ತು ಕಾಲುಚೀಲ ಕೊಡಲು ಆರಂಭಿಸಿದ್ದು 2015–16ರಲ್ಲಿ. ಜಾಲಿ ಮುಳ್ಳು, ಕಾದ ಡಾಂಬರು, ಮಳೆಗಾಲದ ಎರೆ ಮಣ್ಣು ಮೂರನ್ನೂ ಒಂದೇ ವರ್ಷದಲ್ಲಿ ತುಳಿಯುವ ನಮ್ಮ ಕಡೆಯ ಮಕ್ಕಳ ಪಾದಕ್ಕೆ ಇದು ನಿಜವಾದ ಆಸರೆ.

8. ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಮೊದಲು ಶುರುವಾದದ್ದು ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ. ಅವುಗಳಲ್ಲಿ ರಾಯಚೂರೂ ಒಂದು. ಬಿಸಿಯೂಟದಿಂದ ಹಸಿವು ನೀಗಿತು, ಹಾಜರಾತಿ ಏರಿತು ಎಂಬುದು ಎಲ್ಲರಿಗೂ ಗೊತ್ತು. ಇನ್ನೊಂದು ಲಾಭವನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ: ಊಟಕ್ಕೆಂದು ಮಧ್ಯಾಹ್ನದ ಬಿಸಿಲಿನಲ್ಲಿ ಮನೆಗೆ ಹೋಗಿ ಮತ್ತೆ ಶಾಲೆಗೆ ಬರುವ ನಡಿಗೆ ತಪ್ಪಿತು. ದಿನಕ್ಕೆ ನಾಲ್ಕು ಸಲ ತುಳಿಯುತ್ತಿದ್ದ ದಾರಿ ಎರಡಕ್ಕೆ ಇಳಿಯಿತು.

9. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ ಮುಚ್ಚುತ್ತವೆ. ದೊಡ್ಡವರಿಗೇ ಇಷ್ಟು ರಿಯಾಯಿತಿ ಬೇಕಾದರೆ ನಡೆದು ಹೋಗುವ ಮಗುವಿಗೆ ಟೊಪ್ಪಿಗೆ, ನೀರಿನ ಬಾಟಲಿ, ದಾರಿಯಲ್ಲಿ ನೆರಳು ಬೇಕೇ ಬೇಕು. ಪಾಠದ ನಡುವೆ ನೀರು ಕುಡಿಯಲೆಂದೇ ಗಂಟೆ ಬಾರಿಸುವ ‘ವಾಟರ್ ಬೆಲ್’ ಕೇರಳದಲ್ಲಿ ಹುಟ್ಟಿ 2019ರಲ್ಲಿ ಕರ್ನಾಟಕಕ್ಕೂ ಬಂತು.

10. ನೆರಳು ಯಾರೋ ನೆಟ್ಟದ್ದು. ಹುಲಿಕಲ್‌ನಿಂದ ಕುದೂರಿನ ಕಡೆಗಿನ ರಸ್ತೆಯ ಬದಿಯಲ್ಲಿ ಸಾಲುಮರದ ತಿಮ್ಮಕ್ಕ ಪತಿಯೊಂದಿಗೆ ಬೆಳೆಸಿದ ಆಲದ ಮರಗಳು 385. ಆ ಸಾಲಿನ ಉದ್ದ ನಾಲ್ಕು ಕಿ.ಮೀ.ಗೂ ಹೆಚ್ಚು. ಊರೊಳಗಿನ ಪ್ರಾಥಮಿಕ ಶಾಲೆಯ ದಾರಿ ಸಾಮಾನ್ಯವಾಗಿ ಇದಕ್ಕಿಂತ ಚಿಕ್ಕದು. ಬೇವು, ಹೊಂಗೆ, ಹುಣಸೆ ನಮ್ಮ ಬಿಸಿಲಿಗೆ ಒಗ್ಗಿದ ಮರಗಳು.

ಸೈಕಲ್

11. ಸೈಕಲ್ಲಿನ ಮೂಲರೂಪವನ್ನು ಜರ್ಮನಿಯ ಕಾರ್ಲ್ ಡ್ರೈಸ್ ರಸ್ತೆಗೆ ತಂದದ್ದು 1817ರಲ್ಲಿ. ಎರಡು ಗಾಲಿಯ ಮರದ ಆ ಗಾಡಿಗೆ ಪೆಡಲ್ ಇರಲಿಲ್ಲ. ಸವಾರ ನೆಲವನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತ ಮುಂದೆ ಸಾಗಬೇಕಿತ್ತು.

12. ಅಷ್ಟೇ ದೂರವನ್ನು ನಡೆದು ಕ್ರಮಿಸುವುದಕ್ಕಿಂತ ಸೈಕಲ್ಲಿನಲ್ಲಿ ಕ್ರಮಿಸಲು ದೇಹಕ್ಕೆ ಮೂರರಿಂದ ಐದು ಪಟ್ಟು ಕಡಿಮೆ ಶಕ್ತಿ ಸಾಕು. ಹೊಟ್ಟೆಗೆ ತಿಂದ ಜೋಳದ ರೊಟ್ಟಿಯನ್ನು ಇಷ್ಟು ಚೆನ್ನಾಗಿ ದೂರವನ್ನಾಗಿ ಮಾರ್ಪಡಿಸುವ ಯಂತ್ರ ಇನ್ನೊಂದಿಲ್ಲ.

13. ಕರ್ನಾಟಕದಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾದದ್ದು 2006–07ರಲ್ಲಿ. ಆಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಹಣಕಾಸು ಖಾತೆ ಉಪಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರ ಬಳಿ ಇತ್ತು. ಮೊದಲು ಹುಡುಗಿಯರಿಗೆ, ಮುಂದೆ ಹುಡುಗರಿಗೂ ಸೈಕಲ್ ಬಂತು. 8ನೇ ತರಗತಿಯೇ ಏಕೆ? ಹಿರಿಯ ಪ್ರಾಥಮಿಕ ಶಾಲೆ ಹಲವು ಊರುಗಳಲ್ಲಿ 7ಕ್ಕೆ ಮುಗಿಯುತ್ತದೆ. ಹೈಸ್ಕೂಲು ಪಕ್ಕದ ಊರಿನಲ್ಲಿರುತ್ತದೆ. ಹೆಣ್ಣುಮಕ್ಕಳು ಶಾಲೆ ಬಿಡುವುದು ಆ ತಿರುವಿನಲ್ಲೇ. ಸರಿಯಾಗಿ ಅಲ್ಲಿಗೆ ಸೈಕಲ್ ಬಂದು ನಿಂತಿತು. ಒಂದು ಪೀಳಿಗೆ ಅದನ್ನು ತುಳಿದು ಎಸ್‌.ಎಸ್‌.ಎಲ್‌.ಸಿ. ಮುಗಿಸಿತು.

14. ಕೋವಿಡ್ ಬಂದ ಮೇಲೆ ಈ ವಿತರಣೆ ನಿಂತಿತು. ಆಮೇಲೆ ಹಲವು ವರ್ಷ 8ನೇ ತರಗತಿಗೆ ಬಂದ ಮಕ್ಕಳಿಗೆ ಸೈಕಲ್ ಸಿಗಲಿಲ್ಲ. ಅಣ್ಣನ, ಅಕ್ಕನ ಹಳೆಯ ಸೈಕಲ್ ಮನೆಯ ಗೋಡೆಗೆ ಒರಗಿ ನಿಂತಿದ್ದರೆ ಒಂದು ಟ್ಯೂಬು, ಒಂದು ಜೊತೆ ಬ್ರೇಕ್ ರಬ್ಬರ್, ಸ್ವಲ್ಪ ಎಣ್ಣೆಯಿಂದ ಅದಕ್ಕೆ ಮತ್ತೆ ಜೀವ ಬರುತ್ತದೆ.

15. ಸೈಕಲ್ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಬಿಹಾರದ್ದು. ಅಲ್ಲಿ 2006ರಲ್ಲಿ 9ನೇ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು 2,000 ರೂಪಾಯಿ ಕೊಡುವ ಯೋಜನೆ ಬಂತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಪಕ್ಕದ ಜಾರ್ಖಂಡ್‌ನೊಂದಿಗೆ ಹೋಲಿಸಿ ನೋಡಿದರು. ವಯಸ್ಸಿಗೆ ತಕ್ಕಂತೆ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು; ಹುಡುಗ–ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿದಿತ್ತು. ಹೈಸ್ಕೂಲು 3 ಕಿ.ಮೀ. ಅಥವಾ ಅದಕ್ಕಿಂತ ದೂರ ಇದ್ದ ಊರುಗಳಲ್ಲೇ ಲಾಭ ಹೆಚ್ಚು. ದೇವದುರ್ಗ ತಾಲ್ಲೂಕಿನಲ್ಲಿ ಅಂಥ ಊರುಗಳಿಗೆ ಬರವಿಲ್ಲ.

16. ಆಫ್ರಿಕಾದ ಜಾಂಬಿಯಾದಲ್ಲೂ ಹಳ್ಳಿಯ ಹುಡುಗಿಯರಿಗೆ ಸೈಕಲ್ ಕೊಟ್ಟು ಸಂಶೋಧಕರು ಫಲಿತಾಂಶ ಅಳೆದರು. ಶಾಲೆಗೆ ಹೋಗುವ ಸಮಯ ಮೂರನೇ ಒಂದರಷ್ಟು ತಗ್ಗಿತು, ಗೈರುಹಾಜರಿ ಕಾಲು ಭಾಗಕ್ಕೂ ಹೆಚ್ಚು ಕಡಿಮೆಯಾಯಿತು, ತಡವಾಗಿ ಬರುವುದಂತೂ ಅರ್ಧಕ್ಕಿಂತ ಕೆಳಗಿಳಿಯಿತು.

17. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಅಕ್ಷರ ಚಳವಳಿಯ ಜೊತೆಗೇ ಸೈಕಲ್ ಕಲಿಕೆಯೂ ನಡೆಯಿತು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಬೆನ್ನಿಗೆ ನಿಂತರು. ಕೂಲಿ ಮಾಡುವವರು, ಕಲ್ಲು ಒಡೆಯುವವರು ಸೇರಿ ಲಕ್ಷಕ್ಕೂ ಹೆಚ್ಚು ಮಹಿಳೆಯರು ಸೈಕಲ್ ಕಲಿತರು. ಅವ್ವ ಸೈಕಲ್ ತುಳಿದರೆ ಮಗಳನ್ನು ಬೇಡ ಎನ್ನುವವರು ಯಾರು?

18. ನಮ್ಮ ಸೈಕಲ್ಲಿನ ಎರಡು ದೊಡ್ಡ ಶತ್ರುಗಳು ಜಾಲಿ ಮುಳ್ಳು ಮತ್ತು ಎರೆ ಮಣ್ಣು. ಮಳೆಯಲ್ಲಿ ನೆನೆದ ಎರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಗಾಲಿ ಉರುಳದಂತೆ ಮಾಡುತ್ತದೆ. ಒಂದು ಗಿಡ್ಡ ಕಟ್ಟಿಗೆ ಜೊತೆಗಿದ್ದರೆ ಕೆರೆದು ತೆಗೆಯಬಹುದು. ಪಂಚರ್ ಹಾಕುವುದನ್ನು 8ನೇ ತರಗತಿಯ ಹುಡುಗ, ಹುಡುಗಿ ಇಬ್ಬರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಪಂಪು, ಪ್ಯಾಚು, ಸೊಲ್ಯೂಷನ್ ಶಾಲೆಯಲ್ಲೇ ಒಂದು ಡಬ್ಬಿಯಲ್ಲಿ ಇದ್ದರೆ ಪಂಚರಿನಿಂದಾಗುವ ಗೈರುಹಾಜರಿ ತಪ್ಪುತ್ತದೆ.

19. ಜೂನ್ 3 ವಿಶ್ವ ಸೈಕಲ್ ದಿನ. ವಿಶ್ವಸಂಸ್ಥೆ ಇದನ್ನು ಘೋಷಿಸಿದ್ದು 2018ರಲ್ಲಿ. ನಮ್ಮಲ್ಲಿ ಶಾಲೆ ಹೊಸದಾಗಿ ಶುರುವಾಗುವುದೂ ಅದೇ ದಿನಗಳಲ್ಲಿ. ಪ್ರಾರಂಭೋತ್ಸವಕ್ಕೆ ತಳಿರು ತೋರಣ ಕಟ್ಟುವ ಶಾಲೆ ಅದೇ ವಾರ ಮಕ್ಕಳ ಸೈಕಲ್ಲುಗಳ ಬ್ರೇಕು, ಬೆಲ್ಲು ನೋಡುವ ಕೆಲಸವನ್ನೂ ಇಟ್ಟುಕೊಳ್ಳಬಹುದು.

ಬಸ್ಸು

20. ನಮ್ಮ ಭಾಗದ ಬಸ್ಸುಗಳು 2000ದಲ್ಲಿ ಪ್ರತ್ಯೇಕ ನಿಗಮಕ್ಕೆ ಸೇರಿದವು. ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ 2021ರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವಾಯಿತು.

21. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆ ಕರ್ನಾಟಕದ ಎಲ್ಲ ಹೆಣ್ಣುಮಕ್ಕಳಿಗೂ ಅನ್ವಯ. ಶಾಲಾ ಬಾಲಕಿಯರಿಗೂ ಸಹ. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟ್ ಶೂನ್ಯ. 2025ರ ಜುಲೈನಲ್ಲಿ ಈ ಯೋಜನೆಯ ಉಚಿತ ಪ್ರಯಾಣಗಳ ಲೆಕ್ಕ 500 ಕೋಟಿ ಮುಟ್ಟಿತು. ದೂರದ ಹೈಸ್ಕೂಲಿಗೆ, ಪಿಯು ಕಾಲೇಜಿಗೆ ಮಗಳನ್ನು ಕಳಿಸಲು ಬಸ್ ಚಾರ್ಜು ಅಡ್ಡಿ ಎನ್ನುವ ಮಾತು ಈಗ ಉಳಿದಿಲ್ಲ.

22. ಹುಡುಗರಿಗೆ ವಿದ್ಯಾರ್ಥಿ ಬಸ್ ಪಾಸ್ ಇದೆ. ಪ್ರಾಥಮಿಕ ಶಾಲೆಯವರಿಗೆ ಪಾಸ್ ಉಚಿತ, ಮೇಲಿನವರಿಗೆ ರಿಯಾಯಿತಿ. ಅರ್ಜಿ ಹಾಕುವುದು ಸೇವಾ ಸಿಂಧು ಮೂಲಕ. ಜೂನ್‌ನಲ್ಲೇ ಹಾಕಿದರೆ ವರ್ಷವಿಡೀ ನಿಶ್ಚಿಂತೆ.

23. ಬಸ್ಸಿನ ಹೊಗೆ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಆದರೆ ತಲಾ ಲೆಕ್ಕ ಬೇರೆಯೇ ಹೇಳುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಹೊರಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2.7 ಕೆ.ಜಿ. ಲೀಟರಿಗೆ 5 ಕಿ.ಮೀ. ಓಡುವ ಬಸ್ಸಿನಲ್ಲಿ 50 ಮಕ್ಕಳಿದ್ದರೆ ಒಂದು ಮಗುವಿನ ಪಾಲು ಕಿ.ಮೀ.ಗೆ ಸುಮಾರು 11 ಗ್ರಾಂ. ಮಗುವನ್ನು ಬಿಟ್ಟು ಖಾಲಿ ಮರಳುವ ಬೈಕಿನಲ್ಲಿ ಅದೇ ಒಂದು ಕಿ.ಮೀ.ಗೆ 90 ಗ್ರಾಂ ದಾಟುತ್ತದೆ. ಎಂಟು ಪಟ್ಟು ವ್ಯತ್ಯಾಸ.

24. ಶಾಲಾ ಬಸ್ಸು ಹಳದಿಯಾದದ್ದು ಅಮೆರಿಕದಲ್ಲಿ, 1939ರಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಸೈರ್ ಕರೆದ ಸಭೆಯಲ್ಲಿ ಆ ಬಣ್ಣ ನಿರ್ಧಾರವಾಯಿತು. ನಸುಕಿನ ಬೆಳಕಿನಲ್ಲೂ ಹಳದಿಯ ಮೇಲಿನ ಕಪ್ಪು ಅಕ್ಷರ ಎದ್ದು ಕಾಣುತ್ತದೆ ಎಂಬುದು ಕಾರಣ.

25. ಬಣ್ಣ ಮಾತ್ರ ಮಕ್ಕಳನ್ನು ಕಾಯದು. 2024ರ ಸೆಪ್ಟೆಂಬರ್ 5, ಶಿಕ್ಷಕರ ದಿನದ ಬೆಳಿಗ್ಗೆ, ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲಾ ವಾಹನಕ್ಕೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ತೀರಿಕೊಂಡರು, ಹಲವರು ತೀವ್ರವಾಗಿ ಗಾಯಗೊಂಡರು. ಆ ದಿನವನ್ನು ಈ ಜಿಲ್ಲೆ ಮರೆಯಬಾರದು. ಶಾಲೆಯ ಸಮಯದಲ್ಲಿ ವೇಗ ತಗ್ಗಿಸುವುದು ಪ್ರತಿಯೊಬ್ಬ ಚಾಲಕನ ಕರ್ತವ್ಯ.

ಹೊಳೆ, ಹಳ್ಳ, ಗಡ್ಡಿ

26. ಬಸವಸಾಗರ ಜಲಾಶಯದಿಂದ ಕೃಷ್ಣೆಗೆ ಹೆಚ್ಚು ನೀರು ಬಿಟ್ಟಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗುತ್ತದೆ, ಆಚೆ ದಂಡೆಯ ಸಂಪರ್ಕ ಕಡಿಯುತ್ತದೆ. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆಯದೂ ಇದೇ ಕಥೆ. ನದಿಯ ನೀರಿನ ಮಟ್ಟ ನೋಡಿ ಶಾಲೆಗೆ ಹೊರಡುವ ಮಕ್ಕಳು ನಮ್ಮ ಜಿಲ್ಲೆಯಲ್ಲಿದ್ದಾರೆ.

27. ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾ ನಡುಗಡ್ಡೆಗಳ ಜನರಿಗೆ ದಡ ಸೇರಲು ತೆಪ್ಪವೇ ಆಧಾರ. ಮಕ್ಕಳೂ ಅದರಲ್ಲೇ ಹೊಳೆ ದಾಟಿದ್ದಾರೆ. ಬಿದಿರು ಹೆಣೆದು ಮಾಡುವ ದುಂಡನೆಯ ತೆಪ್ಪಕ್ಕೆ ಒಂದು ಹನಿ ಎಣ್ಣೆ ಬೇಡ. ಆದರೂ ಅದನ್ನು ಮಾದರಿ ಎಂದು ಹೊಗಳಲಾಗದು. ಹೊಗೆ ಬಿಡದಿದ್ದರೆ ಸಾಲದು, ಮಗು ಸುರಕ್ಷಿತವಾಗಿ ಮನೆಗೆ ಮರಳಬೇಕು. ಸೇತುವೆ ಆಗುವವರೆಗೆ ತೆಪ್ಪ ಹತ್ತುವ ಪ್ರತಿ ಮಗುವಿಗೂ ಲೈಫ್ ಜಾಕೆಟ್ ಇರಲೇಬೇಕು.

28. ಮೊಣಕಾಲು ಮಟ್ಟದ ನೀರೇ ಆದರೂ ರಭಸವಿದ್ದರೆ ದೊಡ್ಡವರನ್ನೂ ಕೆಡವುತ್ತದೆ. ಹಳ್ಳ ತುಂಬಿ ಹರಿಯುವ ದಿನ ಮಗು ಮನೆಯಲ್ಲಿ ಉಳಿಯಲಿ. ಹಾಜರಾತಿ ಮುಖ್ಯ, ಜೀವ ಅದಕ್ಕಿಂತ ಮುಖ್ಯ.

ಬೈಕು, ಟಂಟಂ

29. ಒಂದು ಲೆಕ್ಕ ಹಾಕೋಣ. ಮನೆಯಿಂದ ಶಾಲೆ 2 ಕಿ.ಮೀ. ಬೆಳಿಗ್ಗೆ ಬೈಕಿನಲ್ಲಿ ಬಿಟ್ಟು ಬಂದರೆ 4 ಕಿ.ಮೀ., ಸಂಜೆ ಕರೆತಂದರೆ ಮತ್ತೆ 4. ದಿನಕ್ಕೆ 8. ವರ್ಷಕ್ಕೆ 220 ದಿನ ಶಾಲೆ ನಡೆದರೆ 1,760 ಕಿ.ಮೀ. ಲೀಟರಿಗೆ 50 ಕಿ.ಮೀ. ಹಿಡಿದರೆ 35 ಲೀಟರ್ ಪೆಟ್ರೋಲ್. ಲೀಟರಿಗೆ ನೂರೇ ರೂಪಾಯಿ ಎಂದುಕೊಂಡರೂ 3,500 ರೂಪಾಯಿ. ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್ ಸುಮಾರು 80 ಕೆ.ಜಿ. ಒಂದು ಶಾಲೆಯ ನೂರು ಮನೆಯವರು ಹೀಗೆ ಮಾಡಿದರೆ ವರ್ಷಕ್ಕೆ 8 ಟನ್.

30. ಗೇರ್ ಇರುವ ಬೈಕು ಓಡಿಸಲು 18 ವರ್ಷ ತುಂಬಿರಬೇಕು. 16ಕ್ಕೆ ಅನುಮತಿ ಇರುವುದು 50 ಸಿ.ಸಿ. ಒಳಗಿನ ಗೇರಿಲ್ಲದ ಗಾಡಿಗೆ ಮಾತ್ರ. ರಸ್ತೆಯಲ್ಲಿ ಸಾಮಾನ್ಯವಾಗಿ ಓಡಾಡುವ ಪೆಟ್ರೋಲ್ ಸ್ಕೂಟರುಗಳು 100 ಸಿ.ಸಿ. ದಾಟಿದವು. 10ನೇ ತರಗತಿಯ ಹುಡುಗ ಅವುಗಳನ್ನು ಓಡಿಸುವಂತಿಲ್ಲ.

31. ಓಡಿಸಲು ಬಿಟ್ಟರೆ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199–ಎ ಕಲಮಿನಂತೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಷ್ಟು ದಂಡದ ದುಡ್ಡಿಗೆ ಹಲವು ಮಕ್ಕಳಿಗೆ ಹೊಸ ಸೈಕಲ್ ಬರುತ್ತದೆ.

32. ಬೈಕಿನಲ್ಲಿ ಕರೆದೊಯ್ಯಲೇಬೇಕಾದರೆ ನೆನಪಿಡಿ: ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕ ಮಗುವನ್ನು ಸವಾರನಿಗೆ ಬೆಲ್ಟಿನಿಂದ ಬಿಗಿದಿರಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. ಚಿಕ್ಕ ಮಕ್ಕಳ ಈ ನಿಯಮ 2023ರಿಂದ ಜಾರಿಯಲ್ಲಿದೆ.

33. ಸರಕು ಸಾಗಿಸುವ ಗಾಡಿಯಲ್ಲಿ ಜನರನ್ನು ತುಂಬುವುದು ಕಾನೂನುಬಾಹಿರ. ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಹೊರಟ ಗಾಡಿಗೆ ಮಕ್ಕಳನ್ನು ಹತ್ತಿಸುವುದಂತೂ ಎರಡು ಪಟ್ಟು ಅನ್ಯಾಯ: ದಾರಿಯೂ ಅಪಾಯ, ಶಾಲೆಯೂ ತಪ್ಪುತ್ತದೆ. ಟಂಟಂನ ಅಂಚಿಗೆ ಜೋತುಬಿದ್ದ ಮಗುವನ್ನು ಕಂಡರೆ ಚಾಲಕನಿಗೆ ಹೇಳಿ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ತೆರೆದಿರುತ್ತದೆ.

34. ವೇಗವಾಗಿ ಬರುವ ವಾಹನದ ವೇಗವನ್ನು ಪ್ರಾಥಮಿಕ ಶಾಲೆಯ ಮಕ್ಕಳ ಕಣ್ಣು ಸರಿಯಾಗಿ ಗ್ರಹಿಸಲಾರದು ಎಂದು ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇ ಸಂಶೋಧಕರು ತೋರಿಸಿದ್ದಾರೆ. ಗಂಟೆಗೆ ಸುಮಾರು 32 ಕಿ.ಮೀ. ದಾಟಿದರೆ ಗಾಡಿ ಹತ್ತಿರ ಬರುತ್ತಿದೆ ಎಂಬುದೇ ಅವರಿಗೆ ತಿಳಿಯದೆ ಹೋಗಬಹುದು. ಇದು ಮಗುವಿನ ಅಜಾಗರೂಕತೆಯಲ್ಲ. ದೃಷ್ಟಿ ಬಲಿಯುವುದು ಹಾಗೆಯೇ. ಎಚ್ಚರ ದೊಡ್ಡವರ ಹೊಣೆ.

ಲೋಕದ ಶಾಲೆ ದಾರಿಗಳು

35. ಸೈಕಲ್ಲಿನ ನಾಡು ಎಂದು ಹೆಸರಾದ ನೆದರ್ಲೆಂಡ್ಸ್‌ನ ರಸ್ತೆಗಳು ಯಾವಾಗಲೂ ಮಕ್ಕಳಿಗೆ ಸುರಕ್ಷಿತವಾಗಿರಲಿಲ್ಲ. 1971ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ 400ಕ್ಕೂ ಹೆಚ್ಚು ಮಕ್ಕಳು ಸತ್ತರು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹೋಫ್ ಬರೆದ ಲೇಖನದಿಂದ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಚಳವಳಿ ಹುಟ್ಟಿತು. ತಾಯಿ ತಂದೆಯರು ಬೀದಿಗೆ ಇಳಿದರು. ಇಂದು ಕಾಣುವ ಸೈಕಲ್ ದಾರಿಗಳ ಹಿಂದೆ ಆ ಹೋರಾಟವಿದೆ.

36. ‘ಶಾಲೆಗೆ ಸುರಕ್ಷಿತ ದಾರಿ’ ಎಂಬ ಕಲ್ಪನೆ ರೂಪುಗೊಂಡದ್ದು 1970ರ ದಶಕದಲ್ಲಿ ಡೆನ್ಮಾರ್ಕ್‌ನ ಓಡೆನ್ಸೆ ನಗರದಲ್ಲಿ. ಯಾವ ತಿರುವು ಭಯ ಹುಟ್ಟಿಸುತ್ತದೆ ಎಂದು ಮಕ್ಕಳನ್ನೇ ಕೇಳಿ ಅಲ್ಲಿ ರಸ್ತೆ ತಿದ್ದಿದರು.

37. ಜಪಾನಿನಲ್ಲಿ ಒಂದೇ ಕೇರಿಯ ಮಕ್ಕಳು ಗುಂಪಾಗಿ, ಸಾಲಾಗಿ ಶಾಲೆಗೆ ನಡೆಯುತ್ತಾರೆ. ದೊಡ್ಡ ತರಗತಿಯವರು ಮುಂದೆ ಮತ್ತು ಹಿಂದೆ, ಚಿಕ್ಕವರು ನಡುವೆ. ದಾರಿಯ ತಿರುವುಗಳಲ್ಲಿ ಊರಿನ ಹಿರಿಯರು ನಿಂತು ದಾಟಿಸುತ್ತಾರೆ.

38. ‘ನಡೆಯುವ ಬಸ್ಸು’ ಎಂದರೆ ಚಕ್ರವಿಲ್ಲದ ಬಸ್ಸು. ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ 1990ರ ದಶಕದ ಆರಂಭದಲ್ಲಿ ಇದನ್ನು ಸೂಚಿಸಿದರು. ದೊಡ್ಡವರೊಬ್ಬರು ಮುಂದೆ, ಒಬ್ಬರು ಹಿಂದೆ, ನಡುವೆ ಮಕ್ಕಳು. ಗೊತ್ತಾದ ವೇಳೆಗೆ ಗೊತ್ತಾದ ಕಟ್ಟೆಯ ಹತ್ತಿರ ನಿಂತ ಮಗುವನ್ನು ಸೇರಿಸಿಕೊಂಡು ಸಾಗುತ್ತಾರೆ. ಬ್ರಿಟನ್ನಿನ ಸೇಂಟ್ ಆಲ್ಬನ್ಸ್ ಊರಿನಲ್ಲಿ 1998ರಲ್ಲಿ ಶುರುವಾದ ಮೇಲೆ ಹಲವು ದೇಶಗಳಿಗೆ ಹಬ್ಬಿತು.

39. ಸ್ಪೇನ್‌ನ ಬಾರ್ಸಿಲೋನಾದಲ್ಲಿ 2021ರಿಂದ ಮಕ್ಕಳು ಗುಂಪಾಗಿ ಸೈಕಲ್ ತುಳಿಯುತ್ತ ಶಾಲೆಗೆ ಹೋಗುವ ‘ಬೀಸಿಬೂಸ್’ ನಡೆಯುತ್ತಿದೆ. ದೊಡ್ಡ ರಸ್ತೆಯನ್ನೇ ಮಕ್ಕಳು ತುಂಬಿಕೊಳ್ಳುತ್ತಾರೆ, ಕಾರುಗಳು ಹಿಂದೆ ಕಾಯುತ್ತವೆ. ನಮ್ಮ ಹೈಸ್ಕೂಲು ಮಕ್ಕಳು ಅಂಥ ಗುಂಪು ಸವಾರಿಯನ್ನು ಯಾವ ಹೆಸರೂ ಇಲ್ಲದೆ ಮೊದಲೇ ಮಾಡಿದ್ದರು.

40. ಇಟಲಿಯ ಬೊಲ್ಜಾನೊ ನಗರ ಶಾಲೆ ಶುರುವಾಗುವಾಗ, ಬಿಡುವಾಗ ಸ್ವಲ್ಪ ಹೊತ್ತು ಶಾಲೆಯ ಮುಂದಿನ ಬೀದಿಗೆ ವಾಹನ ಬಿಡದ ಪದ್ಧತಿ ತಂದಿತು. ಇಂದು ಲಂಡನ್, ಪ್ಯಾರಿಸ್‌ಗಳಲ್ಲೂ ನೂರಾರು ಬೀದಿಗಳು ಹೀಗಿವೆ. ರಾಯಚೂರಿನ ಕಿರಿದಾದ ಬೀದಿಯ ಯಾವ ಶಾಲೆಗೂ ಇದು ಆದೀತು. ಬೇಕಾಗುವುದು ಒಂದು ಹಗ್ಗ, ಎರಡು ಕಂಬ, ಅರ್ಧ ಗಂಟೆ ಮತ್ತು ಪೊಲೀಸರ ಅನುಮತಿ.

ನಮ್ಮ ಕೈಯಲ್ಲಿರುವುದು

41. 2002ರಲ್ಲಿ ಬಂದ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ದೇವದುರ್ಗ ಆ ಪಟ್ಟಿಯಲ್ಲಿತ್ತು. ಅಂಥ ತಾಲ್ಲೂಕಿನ ಮಗು ಶಾಲೆಗೆ ನಡೆದು ಹೋಗುವುದನ್ನು ಬಡತನದ ಗುರುತು ಎಂದು ನೋಡುವುದು ಬೇಡ. ಶ್ರೀಮಂತ ನಗರಗಳು ಕೋಟಿಗಟ್ಟಲೆ ಸುರಿದು ಮರಳಿ ತರಲು ಹೆಣಗುತ್ತಿರುವ ಅಭ್ಯಾಸ ನಮ್ಮ ಮಕ್ಕಳಲ್ಲಿ ಇನ್ನೂ ಉಳಿದಿದೆ. ಕೊರತೆ ಇರುವುದು ದಾರಿಯಲ್ಲಿ, ನಡಿಗೆಯಲ್ಲಲ್ಲ.

42. ಪ್ರತಿ ಸರಕಾರಿ ಶಾಲೆಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯ ಮೇಲೆ 2001ರಲ್ಲಿ ರೂಪುಗೊಂಡ ಈ ಸಮಿತಿಯ ಸದಸ್ಯರು ಬಹುಪಾಲು ಮಕ್ಕಳ ತಂದೆ ತಾಯಿಯರೇ. ಮುಂದಿನ ಸಭೆಯ ವಿಷಯಪಟ್ಟಿಗೆ ‘ಶಾಲೆಯ ದಾರಿ’ ಎಂದು ಒಂದು ಸಾಲು ಸೇರಿಸಿ.

43. 2006ರ ಸರಕಾರಿ ಆದೇಶದಂತೆ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಅಲ್ಲಿ ಮಾತಾಡುವವರು ಮಕ್ಕಳು, ಉತ್ತರ ಕೊಡಬೇಕಾದವರು ಅಧಿಕಾರಿಗಳು. ಹಳ್ಳಕ್ಕೆ ಕಿರುಸೇತುವೆ, ರಸ್ತೆಗೆ ಹಂಪು, ಬೀದಿದೀಪ, ಶಾಲೆ ಬಿಡುವ ಹೊತ್ತಿಗೆ ಬಸ್ಸು: ಯಾವುದನ್ನಾದರೂ ಕೇಳಬಹುದು.

44. ಹತ್ತಿರ ಶಾಲೆಯೇ ಇಲ್ಲದ ಜನವಸತಿಯ ಮಕ್ಕಳಿಗೆ ಸಮಗ್ರ ಶಿಕ್ಷಾ ಯೋಜನೆಯಡಿ ವರ್ಷಕ್ಕೆ 6,000 ರೂಪಾಯಿವರೆಗೆ ಸಾರಿಗೆ ಅಥವಾ ಬೆಂಗಾವಲು ಭತ್ಯೆಗೆ ಅವಕಾಶವಿದೆ. ಮುಖ್ಯ ಶಿಕ್ಷಕರನ್ನು, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು (ಸಿಆರ್‌ಪಿ) ವಿಚಾರಿಸಿ.

45. ನಡೆಯುವ ಬಸ್ಸನ್ನು ಗೂಗಲ್‌ನಂಥ ಊರಿನಲ್ಲಿ ಆರಂಭಿಸಲು ಬೇಕಾಗುವುದು ಇಷ್ಟೇ: ಒಂದೇ ಓಣಿಯ ಎಂಟ್ಹತ್ತು ಮಕ್ಕಳು, ಸರದಿಯ ಮೇಲೆ ಬರುವ ಇಬ್ಬರು ದೊಡ್ಡವರು, ಹೊರಡುವ ಒಂದು ನಿಗದಿತ ವೇಳೆ. ಅವ್ವಂದಿರು ಹೊಲಕ್ಕೆ ಹೋಗುವ ಕಾಲದಲ್ಲಿ ಅಜ್ಜ, ಅಜ್ಜಿ ಮುಂದೆ ನಿಲ್ಲಬಹುದು. ರಸ್ತೆಯಲ್ಲಿ ಬಲಬದಿಗೆ, ಎದುರು ಬರುವ ವಾಹನ ಕಾಣುವಂತೆ ಸಾಲಾಗಿ ನಡೆಯಲಿ. ಬ್ಯಾಗಿಗೆ ಹೊಳೆಯುವ ಪಟ್ಟಿ ಅಂಟಿಸಿ.

46. ದೂರ ಎಷ್ಟಿದ್ದರೆ ಏನು ಸರಿ? ಒಂದು–ಒಂದೂವರೆ ಕಿ.ಮೀ. ಒಳಗಿದ್ದರೆ ನಡಿಗೆ. ಐದಾರು ಕಿ.ಮೀ.ವರೆಗೆ ದೊಡ್ಡ ಮಕ್ಕಳಿಗೆ ಸೈಕಲ್. ಅದಕ್ಕಿಂತ ದೂರಕ್ಕೆ ಬಸ್ಸು. ಬೈಕು ಜಡ್ಡು ಬಂದಾಗ, ತುರ್ತಿದ್ದಾಗ ಮಾತ್ರ.

ಕೊನೆಯದಾಗಿ ಒಂದು ಮನವಿ. ಅಪ್ಪ ಅವ್ವಂದಿರೇ, ಈ ಸೋಮವಾರ ಮಗುವಿನ ಜೊತೆ ನೀವೂ ಒಮ್ಮೆ ಶಾಲೆಯವರೆಗೆ ನಡೆದು ಹೋಗಿ. ದಾರಿಯಲ್ಲಿ ಎಲ್ಲಿ ನೆರಳಿಲ್ಲ, ಎಲ್ಲಿ ಗಾಡಿಗಳ ರಭಸ, ಎಲ್ಲಿ ನಾಯಿಗಳ ಕಾಟ, ಎಲ್ಲಿ ಹಳ್ಳದ ಭಯ ಎಂದು ಬರೆದುಕೊಳ್ಳಿ. ಆ ಚೀಟಿಯನ್ನು ಎಸ್‌ಡಿಎಂಸಿಗೂ ಪಂಚಾಯಿತಿಗೂ ಕೊಡಿ, ಕೆಲಸ ಆಗುವವರೆಗೆ ಕೇಳುತ್ತಲೇ ಇರಿ. ಮಕ್ಕಳು ನಡೆಯಲು ಸಿದ್ಧರಿದ್ದಾರೆ. ದಾರಿಯನ್ನು ಸಿದ್ಧಮಾಡಬೇಕಾದವರು ನಾವು.